ಅಕ್ರಿಲಮೈಡ್ ಬದಲು ಅಗರ್ ಹಾಕಿ ಸೆರಾಮಿಕ್ ಫೋಮ್ ಮಾಡಬಹುದೇ?

ಸೆರಾಮಿಕ್ ಫೋಮ್, ಅಂದರೆ ಒಳಗೆಲ್ಲ ಗುಳ್ಳೆಗಳಿರುವ ಸೆರಾಮಿಕ್, ಮಾಡುವ ಉಳಿದ ವಿಧಾನವನ್ನು ಹಾಗೆಯೇ ಇಟ್ಟುಕೊಂಡು, ನೊರೆಯನ್ನು ಜೆಲ್ ಆಗಿ ಹಿಡಿದಿಡುವ ಅಕ್ರಿಲಮೈಡ್ ಎಂಬ ರಾಸಾಯನಿಕ ಇದ್ದ ಜಾಗಕ್ಕೆ ಅಗರ್ ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಹಾಗೆ ಮಾಡಿ ಐದು ತಿಂಗಳು ಕಳೆದುಕೊಂಡವನು ನಾನು.

ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ರೂಪುಗೊಂಡ, ಸೆರಾಮಿಕ್ ಪುಡಿ ಕಲಸಿದ ದ್ರವವನ್ನು ಅಚ್ಚಿನಲ್ಲೇ ಜೆಲ್ ಆಗಿ ಗಟ್ಟಿಗೊಳಿಸುವ ಜೆಲ್‌ಕಾಸ್ಟಿಂಗನ್ನು ನಾನೂ ಅಕ್ರಿಲಮೈಡ್‌ನಲ್ಲೇ ಕಲಿತೆ. ಪಾಲಿಮರ್ ಆದ ಮೇಲೆ, ಅಂದರೆ ಅಣುಗಳು ಉದ್ದ ಸರಪಳಿಯಾಗಿ ಬೆಸೆದುಕೊಂಡ ಮೇಲೆ, ಅದು ನಿರುಪದ್ರವಿ ಎನ್ನುತ್ತಿದ್ದರು. ಆದರೆ ತೂಗುವಾಗ ಹಾರುವ ಪುಡಿ ಇನ್ನೂ ಪಾಲಿಮರ್ ಆಗಿರುವುದಿಲ್ಲ. ಚರ್ಮದ ಮೂಲಕವೇ ಒಳಸೇರಿ ನರಗಳನ್ನು ಕೆಡಿಸುವ ವಸ್ತು ಅದು. ಮೇಲಾಗಿ, ಫೋಮಿನ ಗುಳ್ಳೆಗಳಲ್ಲಿರುವ ಆಮ್ಲಜನಕವೇ ಆ ಪಾಲಿಮರೀಕರಣವನ್ನು ತಡೆಯುವುದರಿಂದ, ಸಾರಜನಕದ ವಾತಾವರಣದಲ್ಲಿ ಕೆಲಸ ಮಾಡಬೇಕಾಗುತ್ತದೆ. ಅಕ್ರಿಲಮೈಡನ್ನು ಬಿಡುವ ನಿಮ್ಮ ನಿರ್ಧಾರ ಸರಿಯಾಗಿಯೇ ಇದೆ.

ಅಗರ್ ಎಂದರೆ ಅಡುಗೆಮನೆಯ ಚೈನಾ ಗ್ರಾಸ್ ತಾನೆ ಎಂಬ ಸಲುಗೆಯಿಂದ, ಕುದಿಯುವ ನೀರಿನಲ್ಲಿ ಕರಗಿಸಿದ ದ್ರಾವಣವನ್ನು ನಾನು 24 ಡಿಗ್ರಿಯಲ್ಲಿದ್ದ ಅಲ್ಯೂಮಿನಾ ಸ್ಲರಿಗೆ (ಅಲ್ಯೂಮಿನಿಯಂ ಆಕ್ಸೈಡ್ ಪುಡಿಯನ್ನು ನೀರಿನಲ್ಲಿ ಕಲಸಿದ ಮಂದ ದ್ರವಕ್ಕೆ) ಸುರಿದೆ. ಬೀಟರ್ ಎತ್ತಿ ನೋಡಿದರೆ ಕಡ್ಡಿಗಳ ತುಂಬ ಪಾಯಸದ ಸಬ್ಬಕ್ಕಿಯಂತಹ ಮುತ್ತುಗಳು. ಅಗರ್ 35 ಡಿಗ್ರಿಯ ಆಸುಪಾಸಿಗೆ ಇಳಿದರೆ ಹೆಪ್ಪುಗಟ್ಟುತ್ತದೆ, ಆದ್ದರಿಂದ ಅದು ಆಗಲೇಬೇಕಿತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಒಂದು ದಿನ ಹಾಳಾಗುತ್ತಿತ್ತು. ಆದರೆ 35ಕ್ಕೆ ಹೆಪ್ಪುಗಟ್ಟಿದ್ದು 60ಕ್ಕೆ ಕರಗಲೇಬೇಕೆಂದು ಲೆಕ್ಕ ಹಾಕಿ, ಬೀಕರನ್ನು 60 ಡಿಗ್ರಿಯ ನೀರಿನಲ್ಲಿಟ್ಟು ಅರ್ಧ ಗಂಟೆ ಕಲಕಿದೆ. ತುಪ್ಪವಾದರೆ ಕರಗುತ್ತಿತ್ತು. ಒಮ್ಮೆ ಗಟ್ಟಿಯಾದ ಅಗರ್ ಮತ್ತೆ ದ್ರವವಾಗಲು ಸುಮಾರು 85 ಡಿಗ್ರಿ ಬೇಕು; ಹೆಪ್ಪುಗಟ್ಟುವ ತಾಪಕ್ಕೂ ಕರಗುವ ತಾಪಕ್ಕೂ ನಡುವೆ ಇರುವ ಈ 50 ಡಿಗ್ರಿ ಅಂತರವೇ ನನಗೆ ಗೊತ್ತಿರಲಿಲ್ಲ. ಮುತ್ತುಗಳು ಕರಗದೆ, ಒಡೆದು ರವೆಯಷ್ಟಾಗಿ ಬಿಳಿ ಸ್ಲರಿಯಲ್ಲಿ ಮರೆಯಾದವು. ನಾನು ಕರಗಿದವೆಂದೇ ನಂಬಿದೆ. ಹಿಡಿದಿಡುವ ಜಾಲವೇ ಇಲ್ಲದ ಫೋಮ್ ಅಚ್ಚಿನಲ್ಲಿ ಕುಸಿಯಿತು, ಉಳಿದ ತುಂಡುಗಳನ್ನು 1,550 ಡಿಗ್ರಿಯಲ್ಲಿ ಸುಟ್ಟಾಗ ರವೆ ಇದ್ದಲ್ಲೆಲ್ಲ ಪೊಳ್ಳು, ಪೊಳ್ಳಿನಿಂದ ಪೊಳ್ಳಿಗೆ ಬಿರುಕು. ನಾನು ಮಾತ್ರ ನೊರೆ ಬರಿಸುವ ಸರ್ಫ್ಯಾಕ್ಟೆಂಟನ್ನು ದೂರುತ್ತ, ತಿಂಗಳುಗಟ್ಟಲೆ ಅದನ್ನೇ ಬದಲಿಸುತ್ತ ಕುಳಿತಿದ್ದೆ.

ಇನ್ನು ನೀರಿನ ಲೆಕ್ಕ. ಒಂದು ಕಿಲೋ ಅಲ್ಯೂಮಿನಾಕ್ಕೆ 5 ಗ್ರಾಂ ಅಗರನ್ನು ಶೇ. 4ರ ದ್ರಾವಣವಾಗಿ ಹಾಕಿದರೆ 120 ಗ್ರಾಂ ನೀರು ಹೆಚ್ಚುವರಿಯಾಗಿ ಸೇರುತ್ತದೆ, ಗಾತ್ರದಲ್ಲಿ ಶೇ. 50 ಇದ್ದ ಘನಾಂಶ ಶೇ. 40ಕ್ಕೆ ಇಳಿದು, ಒಣಗುವಾಗ ಕುಗ್ಗುವಿಕೆ ಹೆಚ್ಚುತ್ತದೆ. ಆದ್ದರಿಂದ ನಿಮ್ಮ ಹಳೆಯ ಸ್ಲರಿ, ಹಳೆಯ ಅಚ್ಚಿನ ಅಳತೆ ಎರಡನ್ನೂ ಮರೆತುಬಿಡಿ.

ಅಗರಿನ ಬದಲು ಬೇರೆಯವೂ ಇವೆ. ಆದರೆ ಜೆಲಾಟಿನ್ ಬಿಸಿಲುಗಾಲದಲ್ಲಿ ಫ್ರಿಜ್ ಇಲ್ಲದೆ ನಿಲ್ಲುವುದಿಲ್ಲ. ಕಡಲಕಳೆಯಿಂದ ತೆಗೆಯುವ ಆಲ್ಜಿನೇಟ್ ಗಟ್ಟಿಯಾಗಲು ಬೇಕಾದ ಕ್ಯಾಲ್ಸಿಯಂ ಸುಟ್ಟ ಮೇಲೂ ಅಲ್ಯೂಮಿನಾದಲ್ಲೇ ಉಳಿಯುತ್ತದೆ. ಮೊಟ್ಟೆಯ ಬಿಳಿ ತಾನೇ ನೊರೆ ಕೊಡುತ್ತದೆ ನಿಜ, ಆದರೆ ಅದು ಗಟ್ಟಿಯಾಗಲು ಶಾಖ ಬೇಕು, ಫೋಮಿನ ನಡುಭಾಗಕ್ಕೆ ಶಾಖ ತಲುಪುವುದು ನಿಧಾನ; ಸುಡುವಾಗಿನ ವಾಸನೆಯನ್ನಂತೂ ಕೇಳಬೇಡಿ. ನನ್ನ ಮತ ಅಗರಿಗೇ.

ಅಗರನ್ನು ಪೂರ್ತಿ ಕುದಿಸಿ ಕರಗಿಸಿ, ಸ್ಲರಿಯನ್ನು ಮೊದಲೇ 60 ಡಿಗ್ರಿಗೆ ತಂದು, ಎರಡನ್ನೂ ಬೆರೆಸಿ ಆ ಬಿಸಿಯಲ್ಲೇ ನೊರೆ ಎಬ್ಬಿಸಿ, ಅಚ್ಚಿಗೆ ಸುರಿದ ಕೂಡಲೇ ತಣ್ಣೀರಿನ ತಟ್ಟೆಯಲ್ಲಿಡಿ. ಬೀಟರಿನ ಕಡ್ಡಿಗಳನ್ನೂ ಬಿಸಿನೀರಿನಲ್ಲಿ ಅದ್ದಿಟ್ಟಿರಿ; ಮೊದಲ ಸಬ್ಬಕ್ಕಿ ಅಂಟುವುದು ತಣ್ಣಗಿರುವ ಕಡ್ಡಿಗೇ.