ಪಿಕಪ್ ಗಾಡಿಯ ಚಕ್ರದ ಗೂಡಿಗೆ (ಚಕ್ರದ ಮೇಲಿನ ಕಮಾನಿನ ಒಳಭಾಗಕ್ಕೆ) ಕೆಸರುತಡೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ?

ಮಾಡಿಕೊಳ್ಳಬಹುದು; ಆದರೆ ಬಾಗಲಕೋಟೆ, ವಿಜಯಪುರದ ಕಡೆ ನೀರಿಗಿಂತ ಎರೆಮಣ್ಣೇ ದೊಡ್ಡ ತೊಡಕು ಎಂಬುದನ್ನು ಮೊದಲು ಗಮನದಲ್ಲಿಡಬೇಕು. ಮಳೆಯಾದ ಮರುದಿನ ಕಬ್ಬಿನ ಹೊಲದ ದಾರಿಯಲ್ಲಿ ಹೋಗಿಬಂದರೆ ಈ ಮಣ್ಣು ಟೈರಿಗೆ ನಾದಿದ ಹಿಟ್ಟಿನಂತೆ ಮೆತ್ತಿಕೊಂಡು, ಸಿಕ್ಕ ಸಂದಿಯಲ್ಲೆಲ್ಲ ಗಟ್ಟಿಯಾಗಿ ಕೂರುವುದರಿಂದ, ತಡೆಯ ಹಾಳೆಯನ್ನು ಟೈರಿನ ಹತ್ತಿರ ತರದೆ ಗೂಡಿನ ಒಳಮೈಗೆ ಒತ್ತಿದಂತೆ ಕೂರಿಸಬೇಕು. ಹಾಳೆಯ ಹಿಂಬದಿಯಲ್ಲಿ ಸೇರಿದ ಕೆಸರು ಜಾರಿಹೋಗಲು ಕೆಳತುದಿಯಲ್ಲಿ ಎರಡು ಬೆರಳಷ್ಟು ಸಂದು ಬಿಡಬೇಕು.

ಹಾಳೆಗೆ 3 ಮಿ.ಮೀ. ದಪ್ಪದ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ನನ್ನ ಮೊದಲ ಆಯ್ಕೆ. ಹಳೆಯ ಕನ್ವೇಯರ್ ಬೆಲ್ಟ್ ಗುಜರಿಯಲ್ಲಿ ಸಿಕ್ಕರೂ ಅದು ಬಲು ಭಾರ. ತಗಡಂತೂ ಬೇಡವೇ ಬೇಡ, ಸಡಿಲಾದರೆ ಟೈರನ್ನೇ ಸೀಳೀತು. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಗಾಡಿಗೆ ಭಾರ ಹೇರಿ, ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಟೈರು ಎಲ್ಲಿಯೂ ತಾಗುವುದಿಲ್ಲವೆಂದು ಖಚಿತವಾದ ಮೇಲೆಯೇ ಹಾಳೆಯನ್ನು ಕತ್ತರಿಸಿರಿ. (ಖಾಲಿ ಗಾಡಿಯಲ್ಲಿ ಅಳತೆ ನೋಡಿ ಮೋಸಹೋದವರಲ್ಲಿ ನಾನೂ ಒಬ್ಬ.) ಬಿಗಿಯಲು ಗೂಡಿನಲ್ಲಿ ಮೊದಲೇ ಇರುವ ತೂತುಗಳನ್ನೇ ಬಳಸಿ, 6 ಮಿ.ಮೀ. ಸ್ಟೇನ್‌ಲೆಸ್ ಬೋಲ್ಟಿಗೆ ಅಗಲವಾದ ವಾಷರ್ ಹಾಕಿರಿ. ಹೊಸದಾಗಿ ಕೊರೆಯಲೇಬೇಕಾದರೆ ಹಿಂಬದಿಯಲ್ಲಿ ಬ್ರೇಕ್ ಪೈಪು, ವೈರು ಇಲ್ಲವೆಂದು ನೋಡಿಕೊಂಡು, ತೂತಿನ ಅಂಚಿಗೆ ತುಕ್ಕು ಹಿಡಿಯದಂತೆ ಪ್ರೈಮರ್ ಬಳಿಯಿರಿ.