ತೂಕ ಸರಿಯಿತ್ತು, ಜೋಡಿ ಸರಿಯಿರಲಿಲ್ಲ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಕಾರವಾರದ ಬೈತಖೋಲ ಬಂದರಿನ ಕಡೆಯ 13 ವರ್ಷದ ಹುಡುಗನನ್ನು ತಾಯಿ ನನ್ನ ಬಳಿ ಕರೆತಂದದ್ದು ಹೊಟ್ಟೆನೋವಿಗಾಗಿ. ವೈದ್ಯರಿಗೆ ಯಾವ ದೋಷವೂ ಕಂಡಿರಲಿಲ್ಲ. ನೋವು ಬರುತ್ತಿದ್ದುದು ಕುಸ್ತಿ ಅಭ್ಯಾಸದ ದಿನ ಮಾತ್ರ, ಅದೂ ಮನೆಯಿಂದ ಹೊರಡುವ ಹೊತ್ತಿಗೆ.

ತಾಯಿಯೊಡನೆ ಕೊಂಕಣಿಯಲ್ಲಿ ಮಾತಾಡುತ್ತಿದ್ದವನು ಎರಡನೆಯ ಭೇಟಿಯಲ್ಲಿ ಅಂಗಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನಗೆ ಕನ್ನಡದಲ್ಲಿ ಹೇಳಿದ: "ನಾನು ಅವನ ಕೈ ಹಿಡಿಯುವುದರೊಳಗೇ ಮುಗಿದುಹೋಯಿತು, ಮೇಡಂ. ನನ್ನಲ್ಲಿ ದಮ್ಮಿಲ್ಲ." ಕಲಿಯತೊಡಗಿ ನಾಲ್ಕೇ ತಿಂಗಳಾಗಿದ್ದ ಇವನಿಗೆ ಮೊದಲ ಪಂದ್ಯದಲ್ಲೇ ಎದುರಾದವನು, ಕುಸ್ತಿ ಮನೆಮಾತಾಗಿರುವ ಹಳಿಯಾಳದ ಕಡೆಯ, ನಾಲ್ಕು ವರ್ಷ ಪಳಗಿದ ಹುಡುಗ. ಇಬ್ಬರೂ 41 ಕಿಲೋ ವಿಭಾಗದವರಾದ್ದರಿಂದ ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಫ್ರೀಸ್ಟೈಲ್‌ನಲ್ಲಿ 10 ಅಂಕಗಳ ಅಂತರವಾದೊಡನೆ ಪಂದ್ಯ ಮುಗಿಯುವುದರಿಂದ, ಎರಡೆರಡು ನಿಮಿಷಗಳ ಎರಡು ಸುತ್ತು ನಡೆಯಬೇಕಾದದ್ದು ಒಂದು ನಿಮಿಷವೂ ನಡೆಯಲಿಲ್ಲ. ಗೆದ್ದವನು ಫೈನಲ್ ತಲುಪಿದ್ದರೆ ರೆಪೆಷಾಜ್‌ನಲ್ಲಿ, ಎಂದರೆ ಫೈನಲ್ ತಲುಪಿದವರಿಗೆ ಸೋತವರ ಮರುಸ್ಪರ್ಧೆಯಲ್ಲಿ, ಇವನಿಗೆ ಇನ್ನೊಂದು ಪಂದ್ಯ ಸಿಗುತ್ತಿತ್ತು, ಅದೂ ಆಗಲಿಲ್ಲ.

ಮೂರು ಕಿಲೋ ಇಳಿಸಿ 38ರ ವಿಭಾಗಕ್ಕೆ ಹೋದರೆ ಮಗ ಗೆಲ್ಲುತ್ತಾನೆಂದು ತಂದೆ ರಾತ್ರಿಯೂಟ ಬಿಡಿಸಲು ಹೊರಟಿದ್ದರು. ಇದಕ್ಕೆ ನಾನು ಖಂಡಿತವಾಗಿ ಬೇಡವೆಂದೆ. ಬೆಳೆಯುವ ಮೈಯಿಂದ ಅನ್ನ ಕಿತ್ತುಕೊಂಡು ಪಟ್ಟು ಕಲಿಸಲಾಗದು. ಕೊರತೆಯಿದ್ದದ್ದು ಅನುಭವದಲ್ಲಿ, ತೂಕದಲ್ಲಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ 15ರೊಳಗಿನವರ ವಿಭಾಗವು 14–15 ವರ್ಷದವರಿಗೆ ಮೀಸಲು, 13ರ ಮಕ್ಕಳಿಗೆ ವೈದ್ಯಕೀಯ ಪ್ರಮಾಣಪತ್ರ ಮತ್ತು ಪೋಷಕರ ಒಪ್ಪಿಗೆ ಬೇಕು ಎಂಬುದನ್ನೂ ವಿವರಿಸಿದೆ. ಓದದೆ ಸಹಿ ಹಾಕಿದ್ದ ತಾಯಿಗೆ, ಆ ಸಹಿಯನ್ನು ಹಾಕದಿರುವ ಅಧಿಕಾರವೂ ತನ್ನದೇ ಎಂಬುದು ಆಗಲೇ ಹೊಳೆದದ್ದು.

ತರಬೇತುದಾರರನ್ನು ಬೇರೆಯಾಗಿ ಕಂಡೆ. ಮೈಸೂರು ದಸರಾ ಕುಸ್ತಿಗೆ ಮುನ್ನ ಪೈಲ್ವಾನರ ಜೋಡಿ ಕಟ್ಟುವುದನ್ನೇ ಒಂದು ಕಾರ್ಯಕ್ರಮವಾಗಿ ನಡೆಸುತ್ತಾರೆ. ಪಳಗಿದವರಿಗೇ ಅಷ್ಟು ಎಚ್ಚರ ವಹಿಸುವಾಗ ಮಕ್ಕಳನ್ನು ಬರೀ ತಕ್ಕಡಿಗೆ ಒಪ್ಪಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ ಎಂದೆ. ಕಲಿತ ತಿಂಗಳು, ಆಡಿದ ಪಂದ್ಯಗಳ ಲೆಕ್ಕವನ್ನು ಪ್ರವೇಶಪತ್ರದಲ್ಲಿ ಬರೆಸಿ, ಮೊದಲ ವರ್ಷದವರಿಗೆ ಪ್ರತ್ಯೇಕ ಗುಂಪು ಮಾಡುವಂತೆ ಸಂಘಟಕರನ್ನು ಕೇಳಲು ಸೂಚಿಸಿದೆ. ಒಂದು ತೂಕದಲ್ಲಿ ಆರಕ್ಕಿಂತ ಕಡಿಮೆ ಜನರಿದ್ದರೆ ಎಲ್ಲರೂ ಎಲ್ಲರೊಡನೆ ಸೆಣಸುವ ಪದ್ಧತಿ ನಿಯಮದಲ್ಲೇ ಇದೆ; ಹೊಸಬರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಪದಕದಾಸೆಗೆ ಪಳಗಿದ ಮಕ್ಕಳನ್ನೇ ಹೊಸಬರೆಂದು ನುಗ್ಗಿಸುವವರಿದ್ದಾರೆಂದು ಅವರು ಬೇಸರಪಟ್ಟರು. ನಿಮ್ಮ ಮಕ್ಕಳ ಲೆಕ್ಕವನ್ನಾದರೂ ನೀವು ಸರಿಯಾಗಿ ಬರೆಯಿರಿ ಎಂದೆ.

ಹುಡುಗನಿಗೆ ಸರಿಸಾಟಿಯಾದ ಜೊತೆಗಾರನೊಬ್ಬನನ್ನು ಗೊತ್ತುಮಾಡಿದರು. ಎರಡು ತಿಂಗಳ ನಂತರ ಹೊಸಬರ ಒಂದು ಕೂಟದಲ್ಲಿ ಅವನು ಮೂರು ಪಂದ್ಯ ಆಡಿ ಮೂರನ್ನೂ ಸೋತ. ಆದರೆ ಕೊನೆಯದರಲ್ಲಿ ಎದುರಾಳಿಯನ್ನು ಕೆಡವಿ ಎರಡು ಅಂಕ ಪಡೆದದ್ದು ಹೇಗೆಂದು, ನನ್ನ ಕುರ್ಚಿಯ ಕಾಲನ್ನು ಎರಡೂ ಕೈಯಲ್ಲಿ ತಬ್ಬಿ, ಭುಜ ಒತ್ತಿ ತೋರಿಸಿದ. ಹೊಟ್ಟೆನೋವಿನ ಮಾತು ಬರಲಿಲ್ಲ. ತಂದೆ ಮಾತ್ರ ಈಗಲೂ ಆಗಾಗ 38 ಕಿಲೋದ ಮಾತೆತ್ತುತ್ತಾರೆ. ಅವರೊಡನೆ ಭೇಟಿಗಳು ಮುಂದುವರಿದಿವೆ.