ನಾಯಿಗಳನ್ನು ತೆಗೆಯಬೇಡಿ, ಅಕ್ಕೋರೇ

ಈ ತಿಂಗಳ ಪತ್ರ ಗದಗದಿಂದ ಬಂದದ್ದು. ಬರೆದವರು ನಿವೃತ್ತ ಶಾಲಾ ಶಿಕ್ಷಕಿ. ಹೆಸರು ಹಾಕಬೇಡಿ ಎಂದು ಕೇಳಿದ್ದಾರೆ. ಪತ್ರ ಉದ್ದವಿದೆ, ಮುಖ್ಯ ಭಾಗ ಇಷ್ಟು:

"ನಿವೃತ್ತಿಯಾದ ಮೇಲೆ ಒಂದು ಹಳೆಯ ಓಮ್ನಿ ತಗೊಂಡೆ. ಹಿಂದಿನ ಸೀಟು ತೆಗೆಸಿ ಹಾಸಿಗೆ ಹಾಕಿಸಿದೆ. ಮೂರು ವರ್ಷದಿಂದ ನಾನು, ಮುಧೋಳ ತಳಿಯ ಚಿಗರಿ, ಬೀದಿಯಿಂದ ಮನೆಗೆ ಬಂದ ಕರಿಯ, ಮೂವರೂ ಊರೂರು ತಿರುಗುತ್ತಿದ್ದೇವೆ. ಇನ್ನೂರು ಪುಟ ಬರೆದಿದ್ದೇನೆ. ಪ್ರಕಾಶಕರೊಬ್ಬರು ಓದಿ, 'ನಾಯಿ ತೆಗೀರಿ, ಊರು ಇಡ್ರಿ, ಆಮೇಲೆ ನೋಡೋಣ' ಅಂದರು. ಮನೆಯವರು, 'ನಾಯಿ ಕಟ್ಕೊಂಡು ತಿರುಗೋದು ಸಾಲದು ಅಂತ ಪುಸ್ತಕ ಬ್ಯಾರೆ ಏನು' ಅಂತಾರೆ. ನಾಯಿಗಳನ್ನು ತೆಗೆಯಲೇ? ನಾನೇ ಅಚ್ಚು ಹಾಕಿಸಲೇ? ಮೂರು ಅಧ್ಯಾಯ ಜೊತೆಗಿಟ್ಟಿದ್ದೇನೆ. ಮುಲಾಜಿಲ್ಲದೆ ಹೇಳಿ."

ಅಕ್ಕೋರೇ,

ನಾಯಿಗಳನ್ನು ತೆಗೆಯಬೇಡಿ. ಏನಾದರೂ ತೆಗೆಯಲೇಬೇಕು ಅಂದರೆ ಊರುಗಳ ವರ್ಣನೆಯಲ್ಲಿ ಅರ್ಧ ತೆಗೆಯಿರಿ.

ಯಾಕೆ ಅಂತ ನಿಮ್ಮ ಲಕ್ಕುಂಡಿ ಅಧ್ಯಾಯದಿಂದಲೇ ಹೇಳುತ್ತೇನೆ. ಒಂಬತ್ತು ಪುಟದ ಅಧ್ಯಾಯ. ಮೊದಲ ಏಳು ಪುಟದಲ್ಲಿ ಬ್ರಹ್ಮ ಜಿನಾಲಯ ಇದೆ, ಕಾಶಿ ವಿಶ್ವೇಶ್ವರ ಗುಡಿ ಇದೆ, ಮುಸುಕಿನ ಬಾವಿ ಇದೆ. ಎಲ್ಲ ಸರಿಯಾಗಿದೆ. ಶ್ರದ್ಧೆಯಿಂದ ಬರೆದಿದ್ದೀರಿ. ಆದರೆ ಅಷ್ಟನ್ನು ಗುಡಿ ಮುಂದಿನ ಫಲಕವೂ ಹೇಳುತ್ತದೆ. ಎಂಟನೇ ಪುಟದಲ್ಲಿ ನಾನು ಎದ್ದು ಕೂತೆ. ನಾಯಿಗಳನ್ನು ಒಳಗೆ ಬಿಡಲಿಲ್ಲ, ನೀವು ಹೊರಗೆ ಬೇವಿನ ಗಿಡದ ನೆರಳಿಗೆ ಕೂತಿರಿ. ಎದುರು ಮನೆಯ ಅಜ್ಜಿ ಒಂದು ಬೋಗುಣಿಯಲ್ಲಿ ನೀರು ತಂದಿಟ್ಟರು. ಅವರ ಮನೆ ಬಾಗಿಲಲ್ಲಿ ಕೆತ್ತನೆಯ ಹಳೆಯ ಕಲ್ಲೊಂದು ಬಿದ್ದಿದೆ. ಅದರ ಮೇಲೆ ತಮ್ಮ ನಾಯಿ ಬೇಸಿಗೆಯೆಲ್ಲ ಮಲಗಿರುತ್ತಿತ್ತು, ಕಲ್ಲು ತಣ್ಣಗಿರುತ್ತಲ್ಲ ಅಂದರು. ಲಕ್ಕುಂಡಿಯ ಬಗ್ಗೆ ನಾನು ಎಷ್ಟೋ ಓದಿದ್ದೇನೆ. ಆ ಕಲ್ಲನ್ನು, ಆ ಅಜ್ಜಿಯನ್ನು ಎಲ್ಲೂ ಓದಿರಲಿಲ್ಲ. ನಾಯಿ ಇಲ್ಲದಿದ್ದರೆ ನೀವು ಗುಡಿ ನೋಡಿ ಗಾಡಿ ಹತ್ತುತ್ತಿದ್ದಿರಿ, ಅಲ್ವಾ?

ನಾಯಿ ಜೊತೆ ಹೊರಟವರು ಬೇರೆಯವರು ನಿಲ್ಲದ ಜಾಗದಲ್ಲಿ ನಿಲ್ಲುತ್ತಾರೆ. ನೀರಿಗೆ ನಿಲ್ಲಬೇಕು, ನೆರಳಿಗೆ ನಿಲ್ಲಬೇಕು. ಗಂಟೆ ಎರಡು ಗಂಟೆಗೊಮ್ಮೆ ಅವಕ್ಕೆ ಕಾಲಾಡಿಸಬೇಕು. ಹುಬ್ಬಳ್ಳಿಯಿಂದ ಹಾವೇರಿಗೆ ಹೆದ್ದಾರಿಯಲ್ಲಿ ಹೋಗುವ ನಮ್ಮಂಥವರಿಗೆ ಬಂಕಾಪುರ ಬರೀ ಒಂದು ಬೋರ್ಡು. ನಿಮಗೆ ಅದು ಕರಿಯ ಕಾಲೆತ್ತಿದ ಜಾಗ, ಚಹಾದಂಗಡಿಯ ಹುಡುಗ ತನ್ನ ಪಾಲಿನ ಬಿಸ್ಕತ್ತು ಕೊಟ್ಟ ಜಾಗ. ನಿಮ್ಮ ಪುಸ್ತಕ ಅಲ್ಲಿದೆ. ಪ್ರಕಾಶಕರು ಅದನ್ನೇ ತೆಗೆಯಲು ಹೇಳಿದ್ದಾರೆ. ಅವರ ಮಾತನ್ನು ಗೌರವದಿಂದಲೇ ಒಪ್ಪದಿರಬಹುದು.

ಮನೆಯವರ ಮಾತಿಗೂ ಒಂದು ಉತ್ತರ ಇದೆ. ದಸರೆಗೆ ಅವರನ್ನು ರಾಣೆಬೆನ್ನೂರು ಹತ್ತಿರದ ದೇವರಗುಡ್ಡಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಮೈಲಾರಲಿಂಗನ ಭಕ್ತರಾದ ಕರಿ ಕಂಬಳಿಯ ಗೊರವಪ್ಪಗಳು ನಾಯಿಯಂತೆ ಬೊಗಳುತ್ತಾರೆ. ದೋಣಿ ಅನ್ನುವ ಭಿಕ್ಷಾಪಾತ್ರೆಯಲ್ಲಿ ಹಾಕಿದ ಹಾಲು ಬಾಳೆಹಣ್ಣನ್ನು ಬಾಯಿಂದಲೇ ತಿನ್ನುತ್ತಾರೆ. ಮೈಲಾರಲಿಂಗನ ಜೊತೆ ಮಣಿಮಲ್ಲ ರಾಕ್ಷಸರ ಮೇಲೆ ಯುದ್ಧಕ್ಕೆ ಹೋದದ್ದು ನಾಯಿ, ಆ ನಾಯಿಯೇ ತಾವು ಎಂಬ ಭಕ್ತಿ ಅವರದು. "ಏಳುಕೋಟಿ" ಅಂತ ಕೂಗುವ ಜನ ಅವರ ದೋಣಿ ತುಂಬಿಸುತ್ತಾರೆ. ನಮ್ಮ ಕಡೆ ನಾಯಿ ಜೊತೆ ದಾರಿ ಹಿಡಿಯುವುದು ಹೊಸ ಹುಚ್ಚೇನಲ್ಲ.

ಕುರಿಗಾಹಿಗಳನ್ನೇ ನೋಡಿ. ಬೆಳೆ ಕೊಯ್ದ ಎರಿ ಹೊಲಗಳಲ್ಲಿ ರಾತ್ರಿ ಕುರಿ ನಿಲ್ಲಿಸಿಕೊಂಡು, ಗೊಬ್ಬರಕ್ಕೆ ಬದಲಾಗಿ ಕಾಳೋ ದುಡ್ಡೋ ಪಡೆದು, ಮುಂದಿನ ಹೊಲಕ್ಕೆ ನಡೆಯುವವರು. ಅವರ ನಾಯಿ ತೋಳ ಬರದಂತೆ ಹಿಂಡು ಕಾಯುತ್ತದೆ. ನಿಮ್ಮ ಇನ್ನೂರು ಪುಟದಲ್ಲಿ ಅವರು ಇದ್ದಾರೋ ಇಲ್ಲವೋ, ಕಳಿಸಿದ ಮೂರು ಅಧ್ಯಾಯದಲ್ಲಂತೂ ಇಲ್ಲ. ಒಂದು ಸಂಜೆ ಹೋಗಿ ಅವರ ಜೊತೆ ಕೂತುಕೊಳ್ಳಿ. ನಿಮ್ಮ ನಾಯಿಗಳನ್ನು ಮಾತ್ರ ಗಾಡಿಯಿಂದ ಇಳಿಸಬೇಡಿ. ಹಿಂಡಿನ ನಾಯಿಗಳು ಹೊಸಬರನ್ನು ಸುಮ್ನೆ ಬಿಡುವುದಿಲ್ಲ.

ಇನ್ನು ಮುಲಾಜಿಲ್ಲದ ಮಾತು. ಮೂರನೇ ಅಧ್ಯಾಯದಲ್ಲಿ ಕರಿಯನ ಬಾಯಲ್ಲಿ ಮಾತಾಡಿಸಿದ್ದೀರಿ. "ಅಮ್ಮ ಇವತ್ತು ಬೇಜಾರಾಗಿದ್ದಾಳೆ" ಅಂತ ಅವನು ಯೋಚಿಸುತ್ತಾನೆ. ಅದು ಬೇಡ. ಅದೇ ಅಧ್ಯಾಯದಲ್ಲಿ, ನೀವು ಫೋನಿನಲ್ಲಿ ಅಳುತ್ತಿದ್ದಾಗ ಅವನು ಎದ್ದು ಬಂದು ನಿಮ್ಮ ಚಪ್ಪಲಿ ಮೇಲೆ ಗದ್ದ ಇಟ್ಟು ಮಲಗಿದ ಅಂತ ಬರೆದಿದ್ದೀರಿ. ಅಷ್ಟು ಸಾಕು. ಗದ್ದ ಇಟ್ಟದ್ದನ್ನು ನೀವು ಕಂಡಿದ್ದೀರಿ. ಅವನ ಯೋಚನೆಯನ್ನು ಕಂಡಿಲ್ಲ.

ನಿಮ್ಮ ಗದಗ ಜಿಲ್ಲೆಯದೇ ಆದ ಮಾಗಡಿ ಕೆರೆಯ ಅಧ್ಯಾಯ ಓದಿ ನನಗೆ ನೋವಾಯಿತು. ಚಿಗರಿಯ ಹಗ್ಗ ಬಿಚ್ಚಿದಿರಿ. ಅವಳು ಕೆರೆ ದಂಡೆಗೆ ಓಡಿದಳು. ಹೆಬ್ಬಾತುಗಳೆಲ್ಲ ಒಮ್ಮೆಲೇ ಎದ್ದವು. "ಆಕಾಶವೇ ಎದ್ದು ನಿಂತಂತೆ ಕಂಡಿತು" ಅಂತ ಬರೆದಿದ್ದೀರಿ. ವಾಕ್ಯ ಚೆನ್ನಾಗಿದೆ, ಆದರೆ ಆ ಹಕ್ಕಿಗಳ ಕಡೆಯಿಂದ ಒಮ್ಮೆ ನೋಡಿ. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 7 ಸಾವಿರ ಮೀಟರಿಗೂ ಎತ್ತರದಲ್ಲಿ ಅವು ಹಾರಿದ್ದು ದಾಖಲಾಗಿದೆ. ಇಲ್ಲಿ ರಾತ್ರಿ ಹೊಲಗಳಲ್ಲಿ ಮೇದು ಹಗಲು ನೀರಿನಲ್ಲಿ ದಣಿವಾರಿಸಿಕೊಳ್ಳುತ್ತವೆ. ಹಗಲು ಎಬ್ಬಿಸಿದರೆ ವಾಪಸ್ ಹೋಗಲು ಕೂಡಿಡುವ ಕಸುವು ಖರ್ಚಾಗುತ್ತದೆ. 2024ರಲ್ಲಿ ಆ ಕೆರೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು ಸುಮ್ನೆ ಅಲ್ಲ. ಮುಧೋಳ ನಾಯಿ ಕಣ್ಣಿಂದ ಬೇಟೆಯಾಡುವ ತಳಿ. ಓಡುವುದು ಕಂಡರೆ ಕೂಗಿದ್ದು ಕೇಳಿಸುವುದಿಲ್ಲ. ತಪ್ಪು ಚಿಗರಿಯದಲ್ಲ.

ಆದರೂ ಆ ಪುಟ ಹರಿಯಬೇಡಿ. ಅಲ್ಲಿ ದಂಡೆಯ ಮೇಲಿದ್ದ ಒಬ್ಬ ರೈತರು ನಿಮಗೆ ಏನೋ ಹೇಳಿದರು ಅಂತ ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ಏನು ಹೇಳಿದರು? ಅದನ್ನು ಬರೆಯಿರಿ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕಾಗಲಿ ಕಪ್ಪತಗುಡ್ಡಕ್ಕಾಗಲಿ ನಾಯಿಗಳನ್ನು ಕರೆದುಕೊಂಡು ಹೋಗಬೇಡಿ. ಓಡಿಸುವ ಮಾತು ಒಂದು ಕಡೆ ಇರಲಿ. ನಮ್ಮ ನಾಯಿಗಳ ರೇಬಿಸ್, ಡಿಸ್ಟೆಂಪರ್ ರೋಗಗಳು ಅಲ್ಲಿನ ತೋಳ, ನರಿಗಳಿಗೂ ಹತ್ತುತ್ತವೆ.

ಬಿಸಿಲಿನ ಬಗ್ಗೆ ನೀವು ಏನೂ ಬರೆದಿಲ್ಲ. ಅದಕ್ಕೆ ನನ್ನದೊಂದು ತಪ್ಪು ಹೇಳುತ್ತೇನೆ. ಬಹಳ ವರ್ಷದ ಹಿಂದೆ ನಮ್ಮ ಮನೆಯಲ್ಲಿ ಮೋತಿ ಇದ್ದ. ಏಪ್ರಿಲ್‌ನಲ್ಲಿ ರಾಣೆಬೆನ್ನೂರಿಗೆ ಮದುವೆಗೆ ಹೋದಾಗ ಅವನನ್ನೂ ಕರೆದುಕೊಂಡು ಹೋದೆ. ಅಕ್ಷತೆ ಹಾಕಿ ಬಂದುಬಿಡುತ್ತೇನೆ ಅಂತ ಕಾರಿನ ಗಾಜು ನಾಲ್ಕು ಬೆರಳು ಇಳಿಸಿ ಒಳಗೆ ಬಿಟ್ಟೆ. ಮಾತಾಡಿಸುವವರು ಸಿಕ್ಕರು. ಇಪ್ಪತ್ತು ನಿಮಿಷ ಆಯಿತು. ಬಂದು ನೋಡಿದರೆ ಮೋತಿ ಸೀಟಿನ ಕೆಳಗೆ ಬಿದ್ದಿದ್ದ. ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕಣ್ಣು ನನ್ನ ಕಡೆ ತಿರುಗಲಿಲ್ಲ. ಅಡುಗೆಯವರು ನೀರು ಹೊತ್ತು ತಂದರು. ಹೊಟ್ಟೆಗೆ, ಪಾದಕ್ಕೆ ಸುರಿದೆವು, ಟವಲಿನಿಂದ ಗಾಳಿ ಹಾಕಿದೆವು, ದನದ ದವಾಖಾನೆಗೆ ಓಡಿದೆವು. ಬದುಕಿದ. ಆಮೇಲೆ ಇರುವಷ್ಟು ದಿನವೂ ಕಾರಿನ ಬಾಗಿಲು ತೆಗೆದರೆ ಹಿಂದೆ ಸರಿಯುತ್ತಿದ್ದ. ಆ ಹಿಂದೆ ಸರಿಯುವುದನ್ನು ನಾನು ಇವತ್ತಿಗೂ ಮರೆತಿಲ್ಲ.

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಸ್ವಲ್ಪ ಬೆವರುತ್ತದೆ, ಉಳಿದ ಬಿಸಿಯೆಲ್ಲ ತೇಕುವುದರಿಂದಲೇ ಹೋಗಬೇಕು. ಅದರ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ. 41 ದಾಟಿದರೆ ಪ್ರಾಣಕ್ಕೆ ಅಪಾಯ. ಬಿಸಿಲಲ್ಲಿ ನಿಂತ ಗಾಡಿಯ ಒಳಗೆ ಹತ್ತು ನಿಮಿಷಕ್ಕೆ ಸುಮಾರು 10 ಡಿಗ್ರಿ ಏರುತ್ತದೆ. ಗಾಜು ಸ್ವಲ್ಪ ಇಳಿಸಿದರೆ ಏನೂ ಉಪಯೋಗವಿಲ್ಲ. ನಿಮ್ಮ ಓಮ್ನಿಯೂ ತಗಡೇ. ಇದನ್ನು ಪುಸ್ತಕದಲ್ಲಿ ಬರೆಯಿರಿ. ನಿಮ್ಮನ್ನು ಓದಿ ಇನ್ನೊಬ್ಬರು ನಾಯಿ ಜೊತೆ ಹೊರಡುತ್ತಾರೆ, ಅವರಿಗೆ ಇದು ಗೊತ್ತಿರಬೇಕು. ಢಾಬಾದವರು ಪ್ರೀತಿಯಿಂದ ಹಾಕುವ ಅನ್ನ ಸಾರಿನ ಬಗ್ಗೆಯೂ ಬರೆಯಿರಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತ ಕೆಡಿಸುತ್ತವೆ. ಹಾಲು ರೊಟ್ಟಿಯೇ ವಾಸಿ. ಮೈಗೆ ಹತ್ತಿದ ಉಣ್ಣಿ ಹುಡುಕುವ ಕೆಲಸ, ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ, ಇವನ್ನೆಲ್ಲ ನೀವು ಮಾಡುತ್ತಲೇ ಇರುತ್ತೀರಿ. ಸಂಜೆ ಗಾಡಿ ನಿಲ್ಲಿಸಿ ಚಿಗರಿಯ ಕಿವಿಯಲ್ಲಿ ಉಣ್ಣಿ ಹುಡುಕುವ ಆ ಅರ್ಧ ಗಂಟೆ ಯಾಕೆ ಯಾವ ಪುಟದಲ್ಲೂ ಇಲ್ಲ?

ರೈಲಿನ ಬಗ್ಗೆ ಕೇಳಿದ್ದಿರಿ. ನಾಯಿ ನಿಮ್ಮ ಜೊತೆ ಕೂರಬೇಕಾದರೆ ಎಸಿ ಫಸ್ಟ್ ಕ್ಲಾಸಿನ ಇಡೀ ಕೂಪೆ ನಿಮ್ಮದಾಗಿರಬೇಕು. ಇಲ್ಲದಿದ್ದರೆ ಅದು ಬ್ರೇಕ್ ವ್ಯಾನಿನ ಡಬ್ಬಿಯಲ್ಲಿ ಒಂಟಿಯಾಗಿ ಹೋಗಬೇಕು. ಓಮ್ನಿಯೇ ಇರಲಿ.

ಅಚ್ಚಿನ ವಿಷಯಕ್ಕೆ ಬರುತ್ತೇನೆ. ಹೌದು, ನೀವೇ ಹಾಕಿಸಿ. ನೀವಿರುವ ಊರು ಗದಗ, ಮುದ್ರಣಕ್ಕೆ ಹೆಸರಾದ ಊರು. ಲಕ್ಕುಂಡಿಯ ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಓಲೆಗರಿಯ ಕಾಲದಲ್ಲಿ ಸಾವಿರ! ನಿಮ್ಮ ಏಳು ಪುಟದ ಲಕ್ಕುಂಡಿ ವರ್ಣನೆಯಲ್ಲಿ ಈ ಮಾತು ಇಲ್ಲ. ಗುಡಿಯ ಬಗ್ಗೆ ಇಟ್ಟುಕೊಳ್ಳುವ ಎರಡು ಪುಟದಲ್ಲಿ ಇದನ್ನು ಸೇರಿಸಿ.

ನೀವು ಸಾವಿರ ಹಾಕಿಸಬೇಡಿ. ಮುನ್ನೂರು ಸಾಕು. ಕಟ್ಟುಗಳು ಮನೆಯಲ್ಲಿ ಕೂತರೆ ಮನಸ್ಸು ಕುಗ್ಗುತ್ತದೆ, ಖಾಲಿಯಾದರೆ ಮತ್ತೆ ಹಾಕಿಸಬಹುದು. ಹದಿನಾರು ಪುಟಕ್ಕೆ ಒಂದು ಫಾರಂ. 208 ಪುಟ ಅಂದರೆ ಹದಿಮೂರು ಫಾರಂ ಸರಿಯಾಗಿ ಕೂರುತ್ತದೆ, ಒಂದೆರಡು ಪುಟ ಜಾಸ್ತಿಯಾದರೂ ಕಾಗದ ದಂಡ. ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ಕೊಡಿಸುತ್ತೇವೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ, ಲೇಖಕರೇ ಪ್ರಕಾಶಕರಾದರೂ ಕೊಡುತ್ತದೆ. ಪುಸ್ತಕ ಬಂದ ಮೇಲೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಿ. 1954ರ ಕಾಯ್ದೆ ಹಾಗೆ ಹೇಳುತ್ತದೆ. ಎಲ್ಲಕ್ಕಿಂತ ಮೊದಲು ಪ್ರೂಫನ್ನು ನಿಮ್ಮ ಮನೆಯವರಲ್ಲದ ಒಬ್ಬರಿಂದ ಓದಿಸಿ. ಇದಕ್ಕೆ ದುಡ್ಡು ಖರ್ಚು ಮಾಡಿ. ಮುಖಪುಟಕ್ಕೆ ಕಡಿಮೆಯಾದರೂ ಪರವಾಗಿಲ್ಲ.

ಪತ್ರದ ಕೊನೆಗೆ, ಸಹಿಯ ಕೆಳಗೆ, ಒಂದು ಸಾಲು ಸೇರಿಸಿದ್ದೀರಿ. ಕರಿಯ ಈಗ ಓಮ್ನಿ ಹತ್ತಲಾರ, ಎತ್ತಿ ಕೂರಿಸಬೇಕು ಅಂತ. ಆ ಸಾಲನ್ನು ನಾನು ಹಲವು ಸಲ ಓದಿದೆ. ಒಂದು ಅಗಲದ ಹಲಗೆ ಮಾಡಿಸಿ, ಮೇಲೆ ಗೋಣಿಚೀಲ ಹೊಡೆಸಿ. ಕಾಲು ಜಾರದಿದ್ದರೆ ತಾನೇ ಹತ್ತುತ್ತಾನೆ. ದೂರದ ಊರು ಬೇಡ, ಬೆಳಗಿನ ತಂಪಿಗೆ ಲಕ್ಕುಂಡಿಯವರೆಗೆ ಹೋಗಿ ಬಂದರೂ ಅವನಿಗೆ ಅದು ಪ್ರಯಾಣವೇ. ಅವನ ಅಧ್ಯಾಯವನ್ನು ಈಗಲೇ ಬರೆಯಿರಿ. ಅವನು ಹೋದ ಮೇಲೆ ಬರೆದರೆ ಅವನ ಒಳ್ಳೆಯತನ ಮಾತ್ರ ನೆನಪಾಗುತ್ತದೆ. ಈಗ ಬರೆದರೆ ಅವನ ಗೊರಕೆ, ಅವನ ಹಟ, ಚಿಗರಿಯ ತಟ್ಟೆಗೆ ಬಾಯಿ ಹಾಕುವ ಅವನ ಚಾಳಿ ಎಲ್ಲ ಬರುತ್ತವೆ.

ಬರೆದು ಮೊದಲು ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ಬಿಟ್ಟಿಡುತ್ತೇನೆ. ಲಕ್ಕುಂಡಿಗೆ ಹೋದರೆ ಆ ಅಜ್ಜಿಯ ನಾಯಿಯ ಹೆಸರೇನಿತ್ತು ಅಂತ ಕೇಳಿಕೊಂಡು ಬನ್ನಿ.

ಸಂಪಾದಕ